ಹಗಲು ರಾಮ, ಇರುಳು ಕೃಷ್ಣ: ಆಟಗಳಲ್ಲಿನ ಪುರಾಣ ಸಂಕೇತಗಳನ್ನು ಪರೀಕ್ಷಿಸುವುದು ಹೇಗೆ?

ಹುಣಸೂರಿನಿಂದ ನಾಗರಹೊಳೆಗೆ ಹೋಗುವ ದಾರಿಯಲ್ಲಿ, ಹೊಲಗಳು ಮುಗಿದು ಕಾಡು ಶುರುವಾಗುವ ಕಡೆ ವೀರನಹೊಸಹಳ್ಳಿ ಇದೆ. ಕೆಲವು ವರ್ಷಗಳ ಹಿಂದೆ ಅದರ ಸಮೀಪ ಶಿಕ್ಷಕರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಒಂದು ಪರಿಸರ ಶಿಬಿರಕ್ಕೆ ನಾನೂ ಹೋಗಿದ್ದೆ. ಸಂಜೆ ವಿದ್ಯುತ್ ಹೋಯಿತು. ನಕ್ಷತ್ರ ವೀಕ್ಷಣೆಗೆ ಮೋಡ ಅಡ್ಡಿಯಾಗಿತ್ತು. ಹಿರಿಯ ಶಿಕ್ಷಕರೊಬ್ಬರು ನೆಲದ ಮೇಲೆ ಇದ್ದಿಲಿನಿಂದ ಹುಲಿ-ಕುರಿ ಆಟದ ಮನೆ ಬರೆದು ಕಲ್ಲುಗಳನ್ನು ಜೋಡಿಸಿದರು. ಹುಲಿಗಳಿರುವ ಕಾಡಿನ ಅಂಚಿನಲ್ಲಿ ಕುಳಿತು ಹುಲಿಯಾಟ ಆಡುವುದು ಎಲ್ಲರಿಗೂ ಖುಷಿ ಕೊಟ್ಟಿತು.

ಪಕ್ಕದಲ್ಲಿ ಕಾಲೇಜು ಹುಡುಗರ ಒಂದು ಗುಂಪು ಬೇರೊಂದು ಚರ್ಚೆಯಲ್ಲಿ ಮುಳುಗಿತ್ತು. ಅದು ಮೊಬೈಲ್ ಮತ್ತು ಕಂಪ್ಯೂಟರಿನಲ್ಲಿ ಆಡುವ ‘ರೋಲ್ ಪ್ಲೇಯಿಂಗ್’ ಆಟಗಳನ್ನು ಕುರಿತದ್ದು. ಆಡುವವನು ಒಂದು ಪಾತ್ರವನ್ನು ವಹಿಸಿಕೊಂಡು, ಕಥೆಯೊಳಗೆ ಹೊಕ್ಕು, ಆಯ್ಕೆಗಳನ್ನು ಮಾಡುತ್ತಾ ಮುಂದುವರಿಯುವ ಆಟಗಳು ಇವು. ಒಂದು ಆಟದಲ್ಲಿ ಶಿವ ಎಂಬ ಹೆಸರಿನ ಹಿಮದೇವತೆ ಬರುತ್ತಾಳೆ, ಅದರ ಅರ್ಥವೇನು? ಎರಡು ಬೇರೆ ಬೇರೆ ಆಟಗಳ ಕಥೆ ಒಂದೇ ಜಗತ್ತಿನಲ್ಲಿ ನಡೆಯುತ್ತದೆಯೇ? ಹೀಗೆ ಅಭಿಮಾನಿಗಳು ಕಟ್ಟುವ ‘ಸಿದ್ಧಾಂತ’ಗಳ ಮೇಲೆ ಬಿಸಿಬಿಸಿ ವಾದ ನಡೆಯುತ್ತಿತ್ತು. ಒಬ್ಬ ಶಿಕ್ಷಕಿ ನನ್ನ ಕಡೆ ತಿರುಗಿ, “ಸರ್, ನೀವೇ ಒಂದು ತರಬೇತಿಯಲ್ಲಿ ಹೇಳಿದ್ದಿರಲ್ಲ, ದಶಾವತಾರದ ಇಸ್ಪೀಟಿನಲ್ಲಿ ಅರ್ಧ ಅವತಾರಗಳಿಗೆ ಅಂಕಿಗಳ ಕ್ರಮ ತಲೆಕೆಳಗಾಗುತ್ತದೆ, ಅದು ಯುಗಗಳ ಏರಿಳಿತದ ಸಂಕೇತ ಎಂದು. ನಾನು ಪ್ರತಿವರ್ಷ ಮಕ್ಕಳಿಗೆ ಅದನ್ನೇ ಹೇಳುತ್ತೇನೆ” ಎಂದರು.

ನನಗೆ ಮುಜುಗರವಾಯಿತು. ನಾನು ಹಾಗೆ ಹೇಳಿದ್ದು ನಿಜ. ಅದು ತಪ್ಪು ಎಂದು ಆ ಹೊತ್ತಿಗಾಗಲೇ ನನಗೆ ತಿಳಿದದ್ದೂ ನಿಜ. ಆದರೆ ತಿದ್ದುಪಡಿಯನ್ನು ಯಾರಿಗೂ ಹೇಳಿರಲಿಲ್ಲ. ಈ ಲೇಖನ ಆ ತಿದ್ದುಪಡಿ. ಜೊತೆಗೆ, ಆಟವೊಂದರಲ್ಲಿ ಕಾಣುವ ಸಂಕೇತದ ಬಗ್ಗೆ ಯಾರಾದರೂ ಸಿದ್ಧಾಂತ ಮಂಡಿಸಿದಾಗ ಅದನ್ನು ಹೇಗೆ ಪರೀಕ್ಷಿಸಬೇಕು ಎಂಬುದರ ವಿಚಾರವೂ ಹೌದು.

ಅರಮನೆಯ ಆಟಗಳು

ಆಟ ಮತ್ತು ಪುರಾಣಗಳ ಸಂಬಂಧವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದರ ದೊಡ್ಡ ಉದಾಹರಣೆ. ಅವರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ ಒಂಬತ್ತು ನಿಧಿಗಳ ಸಚಿತ್ರ ಗ್ರಂಥ. ಶಕ್ತಿ, ವಿಷ್ಣು, ಶಿವ, ಬ್ರಹ್ಮ, ಗ್ರಹ ಮುಂತಾದ ನಿಧಿಗಳಲ್ಲಿ ದೇವತೆಗಳ ರೂಪಲಕ್ಷಣಗಳಿವೆ. ಕೊನೆಯದಾದ ಕೌತುಕನಿಧಿಯಲ್ಲಿ ಆಟಗಳು ಬರುತ್ತವೆ. 122 ಯೋಗಾಸನಗಳ ಚಿತ್ರಗಳಿರುವುದೂ ಇದೇ ನಿಧಿಯಲ್ಲಿ.

ಎಲೆಯಾಟಗಳಿಗೆ ಇಲ್ಲಿ ‘ಛದ’ ಎಂಬ ಹೆಸರು. ಸಂಸ್ಕೃತದಲ್ಲಿ ಛದ ಎಂದರೆ ಎಲೆ. ಇಂಥ 13 ಆಟಗಳ ವಿವರ ಈ ಭಾಗದಲ್ಲಿದೆ. ಒಂದು ಸಾಮಾನ್ಯ ಛದದ ಪ್ರತಿ ಬಣ್ಣದಲ್ಲಿ 12 ಅಂಕಿ ಎಲೆಗಳು, 6 ಚಿತ್ರದ ಎಲೆಗಳು, ಒಟ್ಟು 18. ಕೆಲವು ಆಟಗಳಿಗೆ 18 ಬಣ್ಣಗಳವರೆಗೂ ಬೇಕು. ಚಾಮುಂಡೇಶ್ವರಿ ಛದದಲ್ಲಿ 320 ಎಲೆಗಳು! ನಮ್ಮ 52 ಎಲೆಗಳ ಇಸ್ಪೀಟಿನ ಆರು ಕಟ್ಟಿಗಿಂತ ಇದು ಹೆಚ್ಚು. ದೇವಿ, ಗ್ರಹಗಳು, ಪಾಂಡವರು ಹೀಗೆ ಪುರಾಣದ ಒಂದೊಂದು ಲೋಕವೇ ಒಂದೊಂದು ಕಟ್ಟಿನಲ್ಲಿ ಅಡಕವಾಗಿದೆ. ಇಷ್ಟೊಂದು ಜಟಿಲವಾದ ಕಾರಣ ಇವು ಅರಮನೆಯ ಆಚೆ ಹರಡಲಿಲ್ಲ. 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ಆಟದ ಹಾಸುಗಳ ಚಿತ್ರಗಳನ್ನು ನೋಡಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳನ್ನೂ ನಡೆಸಿದೆ.

ಮುಮ್ಮಡಿಯವರ ಬಗೆಗೇ ಒಂದು ಸಿದ್ಧಾಂತ ಇದೆ. 1831ರಲ್ಲಿ ಬ್ರಿಟಿಷರು ಅವರಿಂದ ರಾಜ್ಯಾಡಳಿತವನ್ನು ಕಿತ್ತುಕೊಂಡರು. ಆಳಲು ರಾಜ್ಯವಿಲ್ಲದ ಅರಸ ಆಟದ ಹಾಸಿನ ಮೇಲೆ ಇನ್ನೊಂದು ರಾಜ್ಯ ಕಟ್ಟಿಕೊಂಡ ಎನ್ನುತ್ತದೆ ಈ ಸಿದ್ಧಾಂತ. ಕೇಳಲು ಮನಮುಟ್ಟುವಂತಿದೆ. ಆದರೆ ಹೋಲಿಕೆಗೆ ಇನ್ನೊಬ್ಬ ಅರಸನನ್ನು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆಟಗಳಿಗೆಂದೇ ಒಂದು ಇಡೀ ವಿಂಶತಿ, ಅಂದರೆ ಇಪ್ಪತ್ತು ಅಧ್ಯಾಯಗಳ ಭಾಗ, ಮೀಸಲಾಗಿದೆ. ಅವನ ಕೈಯಲ್ಲಿ ರಾಜ್ಯ ಪೂರ್ಣವಾಗಿಯೇ ಇತ್ತು. ಅಂದಮೇಲೆ ಅರಸನೊಬ್ಬ ಆಟಗಳ ಬಗ್ಗೆ ಗ್ರಂಥ ಬರೆಸಲು ಅಧಿಕಾರ ಕಳೆದುಕೊಳ್ಳಲೇಬೇಕೆಂದಿಲ್ಲ. ಮುಮ್ಮಡಿಯವರ ವಿಷಯದಲ್ಲಿ ಆ ಸಿದ್ಧಾಂತ ಸುಳ್ಳೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕಥೆ ಸುಂದರವಾಗಿರುವುದೇ ಪುರಾವೆಯಲ್ಲ ಎಂಬುದು ಸ್ಪಷ್ಟವಾಗುತ್ತದೆ.

ನನ್ನ ತಪ್ಪು

ಈಗ ನನ್ನ ಸಿದ್ಧಾಂತಕ್ಕೆ ಬರೋಣ. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ಹತ್ತು ಬಣ್ಣಗಳು. ಪ್ರತಿ ಬಣ್ಣಕ್ಕೆ ರಾಜ, ಮಂತ್ರಿ ಮತ್ತು 1ರಿಂದ 10ರವರೆಗಿನ ಅಂಕಿ ಎಲೆಗಳು. ಒಟ್ಟು 120 ಎಲೆಗಳು. ಇವುಗಳಲ್ಲಿ ಐದು ಬಣ್ಣಗಳಲ್ಲಿ ಅಂಕಿ ಎಲೆಗಳ ಪೈಕಿ ಹತ್ತು ಎಲ್ಲಕ್ಕಿಂತ ದೊಡ್ಡದು. ಉಳಿದ ಐದರಲ್ಲಿ ಕ್ರಮ ತಲೆಕೆಳಗು, ಒಂದೇ ದೊಡ್ಡದು, ಹತ್ತು ಚಿಕ್ಕದು. ಈ ವಿಚಿತ್ರ ನಿಯಮ ನೋಡಿದ ಯಾರಿಗಾದರೂ ಇದರ ಹಿಂದೆ ತಾತ್ತ್ವಿಕ ಅರ್ಥವಿದೆ ಎನಿಸುವುದು ಸಹಜ. ನನಗೂ ಹಾಗೆಯೇ ಅನಿಸಿತು. ಯುಗಗಳಲ್ಲಿ ಧರ್ಮದ ಏರಿಳಿತ ಎಂಬ ವಿವರಣೆ ಅಚ್ಚುಕಟ್ಟಾಗಿ ಹೊಂದಿಕೊಂಡಿತು. ತರಬೇತಿಯಲ್ಲಿ ಅದನ್ನು ಹೇಳಿ ಚಪ್ಪಾಳೆಯನ್ನೂ ಪಡೆದೆ.

ಪ್ರಯೋಗಾಲಯದಲ್ಲಿ ನಾವು ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಪಾಠ ಯಾವುದು? ಒಂದು ಕಾರಣದಿಂದ ಒಂದು ಪರಿಣಾಮ ಉಂಟಾಯಿತು ಎನ್ನಬೇಕಾದರೆ, ಆ ಕಾರಣವನ್ನು ತೆಗೆದು ಪರಿಣಾಮ ಉಳಿಯುತ್ತದೆಯೇ ನೋಡಬೇಕು. ಇಲ್ಲಿ ಕಾರಣವೆಂದರೆ ಅವತಾರಗಳು. ಅವತಾರಗಳೇ ಇಲ್ಲದ ಗಂಜೀಫಾ ಇದೆಯೇ? ಇದೆ!

ಬಾಬರ್ 1527ರಲ್ಲಿ ಸಿಂಧ್‌ನ ಶಾ ಹಸನನಿಗೆ ಗಂಜೀಫಾ ಕಳುಹಿಸಿದ ಉಲ್ಲೇಖ ಅವನ ಆತ್ಮಕಥೆಯಲ್ಲಿದೆ. ಅಕ್ಬರನ ಕಾಲದ ‘ಐನ್-ಇ-ಅಕ್ಬರಿ’ಯಲ್ಲೂ ಈ ಆಟದ ವರ್ಣನೆಯಿದೆ. ಪ್ರಚಲಿತವಾದ ಮೊಘಲ್ ಗಂಜೀಫಾದಲ್ಲಿ ಎಂಟು ಬಣ್ಣ, 96 ಎಲೆಗಳು. ಕಿರೀಟ, ಬೆಳ್ಳಿ ನಾಣ್ಯ, ಕತ್ತಿ, ಸೇವಕ, ವಾದ್ಯ, ಚಿನ್ನದ ನಾಣ್ಯ, ದಾಖಲೆಪತ್ರ, ಸರಕು – ಇವು ಆ ಬಣ್ಣಗಳು. ಇಲ್ಲಿ ದೇವರೂ ಇಲ್ಲ, ಯುಗವೂ ಇಲ್ಲ. ಅರಮನೆಯ ಖಜಾನೆ, ಕಚೇರಿಗಳ ಲೋಕ ಇದು. ಆದರೂ ನಾಲ್ಕು ಬಣ್ಣಗಳಲ್ಲಿ ಹತ್ತು ದೊಡ್ಡದು, ನಾಲ್ಕರಲ್ಲಿ ಒಂದು ದೊಡ್ಡದು. ಯೂರೋಪಿನಲ್ಲಿ 17ನೆಯ ಶತಮಾನದಲ್ಲಿ ಜನಪ್ರಿಯವಾಗಿದ್ದ ಓಂಬ್ರೆ ಎಂಬ ಆಟದಲ್ಲೂ ಎರಡು ಬಣ್ಣಗಳಲ್ಲಿ ಅಂಕಿಗಳ ಕ್ರಮ ತಲೆಕೆಳಗೇ ಆಗಿತ್ತು.

ಅಂದರೆ ಈ ನಿಯಮ ಅವತಾರಗಳಿಂದ ಹುಟ್ಟಿದ್ದಲ್ಲ. ಎಲೆಯಾಟಗಳ ಒಂದು ಹಳೆಯ, ವಿಶಾಲವಾದ ಕುಟುಂಬದ ಗುಣ ಅದು. ಆಟವನ್ನು ದಶಾವತಾರಕ್ಕೆ ಒಗ್ಗಿಸಿದವರು ನಿಯಮವನ್ನು ಹಾಗೆಯೇ ಉಳಿಸಿಕೊಂಡರು. ನನ್ನ ಸಿದ್ಧಾಂತ ಬಿದ್ದುಹೋಯಿತು. ಅದನ್ನು ಬೀಳಿಸಲು ಬೇಕಾಗಿದ್ದದ್ದು ಇನ್ನೊಂದು ಕಟ್ಟು ಎಲೆಗಳನ್ನು ನೋಡುವ ತಾಳ್ಮೆ ಮಾತ್ರ.

ಗೆದ್ದ ಸಿದ್ಧಾಂತ

ಹಾಗಾದರೆ ಆಟಗಳಲ್ಲಿ ಸಂಕೇತವೇ ಇಲ್ಲವೇ? ಅವಸರ ಬೇಡ. ಅದೇ ಎರಡು ಕಟ್ಟುಗಳಲ್ಲಿ ಇನ್ನೊಂದು ನಿಯಮವಿದೆ. ಮೊಘಲ್ ಗಂಜೀಫಾದಲ್ಲಿ ಹಗಲು ಆಡುವಾಗ ಚಿನ್ನದ ನಾಣ್ಯದ ರಾಜನನ್ನು ಹಿಡಿದವನು ಆಟ ಆರಂಭಿಸುತ್ತಾನೆ, ರಾತ್ರಿ ಬೆಳ್ಳಿಯ ನಾಣ್ಯದ ರಾಜನನ್ನು ಹಿಡಿದವನು. ಚಿನ್ನ ಸೂರ್ಯ, ಬೆಳ್ಳಿ ಚಂದ್ರ ಎಂದು ಅರ್ಥ ಮಾಡಿಕೊಂಡರೆ ಇದು ಸರಳ. ಅವತಾರಗಳ ಕಟ್ಟಿನಲ್ಲಿ ನಾಣ್ಯಗಳಿಲ್ಲ. ಅಲ್ಲಿ ಹಗಲು ರಾಮ, ಇರುಳು ಕೃಷ್ಣ ಆರಂಭಿಸುವುದು ಪ್ರಸಿದ್ಧ ಪದ್ಧತಿ.

ರಾಮ ಸೂರ್ಯವಂಶದವನು, ಕೃಷ್ಣ ಚಂದ್ರವಂಶದವನು ಎಂಬುದು ನಮಗೆಲ್ಲ ಗೊತ್ತು. ಸಂಕೇತವನ್ನು ಅರಿತವರು ಆಟವನ್ನು ಬದಲಾಯಿಸಿದ್ದರೆ ಇವರಿಬ್ಬರನ್ನೇ, ಇದೇ ಕ್ರಮದಲ್ಲಿ ಆರಿಸಬೇಕಾಗಿತ್ತು. ಹಾಗೆಯೇ ಆಗಿದೆ. ಹತ್ತು ಅವತಾರಗಳಿಂದ ಹಗಲಿಗೊಂದು, ಇರುಳಿಗೊಂದು ಯಾದೃಚ್ಛಿಕವಾಗಿ ಆರಿಸುವ ವಿಧಾನಗಳು 10 × 9 = 90. ಅವುಗಳಲ್ಲಿ ನಮ್ಮ ಸಿದ್ಧಾಂತಕ್ಕೆ ಪೂರ್ಣವಾಗಿ ಹೊಂದುವುದು ಒಂದೇ. ಇದು ಒರಟು ಲೆಕ್ಕ. ರಾಮ, ಕೃಷ್ಣರು ಹೇಗೂ ಹೆಚ್ಚು ಜನಪ್ರಿಯರು, ಆದ್ದರಿಂದ ಆಯ್ಕೆ ಪೂರ್ತಿ ಯಾದೃಚ್ಛಿಕ ಎನ್ನಲಾಗದು. ಬುದ್ಧನ ಶಾಕ್ಯಕುಲವೂ ಇಕ್ಷ್ವಾಕು ವಂಶದ್ದೆಂಬ ಸಂಪ್ರದಾಯವಿದೆ. ಇವನ್ನೆಲ್ಲ ಕಳೆದರೂ ಸಿದ್ಧಾಂತ ಗಟ್ಟಿಯಾಗಿಯೇ ನಿಲ್ಲುತ್ತದೆ.

ಎರಡೂ ಸಿದ್ಧಾಂತಗಳಲ್ಲಿ ವ್ಯತ್ಯಾಸವೆಲ್ಲಿದೆ ಗಮನಿಸಿ. ತಲೆಕೆಳಗಾದ ಅಂಕಿಗಳ ಬಗೆಗಿನ ವಿವರಣೆ ದೇವತೆಗಳನ್ನು ತೆಗೆದರೂ ಬದಲಾಗದ ನಿಯಮಕ್ಕೆ ಅಂಟಿಸಿದ್ದು. ಹಗಲು-ಇರುಳಿನ ವಿವರಣೆಯಾದರೋ, ನಾಣ್ಯಗಳು ಹೋಗಿ ಅವತಾರಗಳು ಬಂದಾಗ ಏನು ಬದಲಾಗಬೇಕು ಎಂದು ನಿರ್ದಿಷ್ಟವಾಗಿ ಹೇಳುತ್ತದೆ. ಆ ಬದಲಾವಣೆ ನಿಜವಾಗಿಯೂ ಕಾಣುತ್ತದೆ. ತಪ್ಪಾಗುವ ಅಪಾಯವನ್ನು ಎದುರಿಸಿ ಗೆದ್ದ ಸಿದ್ಧಾಂತಕ್ಕೆ ಬೆಲೆ ಹೆಚ್ಚು.

ಹದಿನೆಂಟರ ಮೋಡಿ

ಛದದ ಒಂದು ಬಣ್ಣದಲ್ಲಿ 18 ಎಲೆಗಳು ಎಂದೆನಲ್ಲ. ಶಿಬಿರದಲ್ಲಿ ಇದನ್ನು ಹೇಳಿದ ಕೂಡಲೇ ಒಬ್ಬ ಹುಡುಗ, “ಮಹಾಭಾರತದ ಪರ್ವಗಳು ಹದಿನೆಂಟು, ಯುದ್ಧ ಹದಿನೆಂಟು ದಿನ, ಅಕ್ಷೌಹಿಣಿ ಹದಿನೆಂಟು, ಗೀತೆಯ ಅಧ್ಯಾಯ ಹದಿನೆಂಟು!” ಎಂದ. ಎಲ್ಲವೂ ಸರಿ. ಆದರೆ ಇದು ಪುರಾವೆಯೇ?

ಎಲೆಗಳು 18 ಅಲ್ಲದೆ ಬೇರೆ ಸಂಖ್ಯೆಯಲ್ಲಿದ್ದಿದ್ದರೆ ಏನಾಗುತ್ತಿತ್ತು ಎಂದು ಕೇಳಿ ನೋಡಿ. ಗುಣಗಳು 3, ವೇದಗಳು 4, ಪಾಂಡವರು 5, ಋತುಗಳು 6, ಋಷಿಗಳು 7, ದಿಕ್ಪಾಲಕರು 8, ಗ್ರಹಗಳು 9, ಅವತಾರಗಳು 10, ರುದ್ರರು 11, ಆದಿತ್ಯರು 12, ಲೋಕಗಳು 14, ತಿಥಿಗಳು 15, ಕಲೆಗಳು 16. ಸಣ್ಣ ಸಂಖ್ಯೆ ಯಾವುದೇ ಇರಲಿ, ಅದಕ್ಕೊಂದು ಪಟ್ಟಿ ನಮ್ಮ ಪರಂಪರೆಯಲ್ಲಿ ಸಿದ್ಧವಾಗಿರುತ್ತದೆ. ಹೊಂದಿಕೆ ಸಿಗುವ ಸಂಭವನೀಯತೆ ಬಹುಮಟ್ಟಿಗೆ 1. ಖಂಡಿತ ಆಗಲೇಬೇಕಾದದ್ದು ಆದರೆ ಅದರಿಂದ ಹೊಸದೇನೂ ತಿಳಿಯುವುದಿಲ್ಲ. ಎರಡೂ ಮುಖ ಒಂದೇ ಇರುವ ನಾಣ್ಯವನ್ನು ಚಿಮ್ಮಿ ಭವಿಷ್ಯ ಹೇಳಿದಂತೆ! ಪಾಂಡವರ ಹೆಸರಿನ ಛದದಲ್ಲಿ ಮಹಾಭಾರತ ಇದೆಯೆಂದು ಹೇಳಲು ಲೆಕ್ಕ ಬೇಡ. ಅದನ್ನು ಮಾಡಿದವರೇ ಹೆಸರಿಟ್ಟು ಹೇಳಿದ್ದಾರೆ.

ಅವತಾರ ಮತ್ತು ಜೀವವಿಕಾಸ

ಅವತಾರಗಳ ಬಗ್ಗೆ ವಿಜ್ಞಾನ ಶಿಕ್ಷಕರು ಅತಿ ಹೆಚ್ಚು ಕೇಳುವ ಸಿದ್ಧಾಂತವನ್ನೂ ಇಲ್ಲೇ ಪರೀಕ್ಷಿಸೋಣ. ಮತ್ಸ್ಯ, ಕೂರ್ಮ, ವರಾಹ, ನರಸಿಂಹ, ವಾಮನ – ಇದು ನೀರಿನಿಂದ ನೆಲಕ್ಕೆ, ಪ್ರಾಣಿಯಿಂದ ಮನುಷ್ಯನಿಗೆ ಬಂದ ಜೀವವಿಕಾಸದ ಸಂಕೇತ ಎನ್ನುತ್ತಾರೆ. ಇದು ಬಹಳ ಹಳೆಯ ಅರಿವು ಎಂಬ ಭಾವನೆ ಸಾಮಾನ್ಯ. ಆದರೆ ಡಾರ್ವಿನ್ನನ ಗ್ರಂಥ ಪ್ರಕಟವಾದದ್ದು 1859ರಲ್ಲಿ. ಈ ಹೋಲಿಕೆಯನ್ನು ಬ್ಲಾವಟ್‌ಸ್ಕಿ 1877ರಲ್ಲಿ, ಕೇಶವಚಂದ್ರ ಸೇನ್ 1882ರಲ್ಲಿ ಮಂಡಿಸಿದರು. ವಿಕಾಸವಾದ ಬಂದ ಮೇಲೆ ಹಿಂದಿರುಗಿ ನೋಡಿ ಕಂಡ ಹೋಲಿಕೆ ಇದು.

ಪಟ್ಟಿಯೂ ಒಂದೇ ಅಲ್ಲ. ಭಾಗವತದ ಮೊದಲ ಸ್ಕಂಧದಲ್ಲಿ 22 ಅವತಾರಗಳಿವೆ. ಜಯದೇವನ ಹತ್ತರಲ್ಲಿ ಕೃಷ್ಣನ ಬದಲು ಬಲರಾಮನಿದ್ದಾನೆ. ಎಲ್ಲಕ್ಕಿಂತ ಮುಖ್ಯವಾದುದು, ಜೀವವಿಕಾಸ ಏಣಿಯಲ್ಲ, ಕವಲೊಡೆಯುವ ಮರ. ಆಮೆಯಿಂದ ಹಂದಿ, ಹಂದಿಯಿಂದ ಸಿಂಹ ಬಂದಿಲ್ಲ. ಈ ಹೋಲಿಕೆಯನ್ನು ಒಪ್ಪಿಕೊಂಡ ವಿದ್ಯಾರ್ಥಿ ಪುರಾಣವನ್ನು ಹೆಚ್ಚಾಗಿ ಅರಿಯುವುದಿಲ್ಲ, ವಿಕಾಸವನ್ನು ಮಾತ್ರ ತಪ್ಪಾಗಿ ಕಲಿಯುತ್ತಾನೆ. ನಷ್ಟ ಇರುವುದು ಅಲ್ಲಿ.

ಹೊಸ ಆಟಗಳು, ಹಳೆಯ ದೇವತೆಗಳು

ಈ ಪರೀಕ್ಷೆಗಳನ್ನು ಹುಡುಗರ ಮೊಬೈಲ್ ಆಟಗಳಿಗೂ ಅನ್ವಯಿಸಬಹುದು. ಪಾತ್ರ ವಹಿಸುವ ಆಧುನಿಕ ಆಟಗಳ ಮೂಲ ‘ಡಂಜನ್ಸ್ ಅಂಡ್ ಡ್ರಾಗನ್ಸ್’. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು 1974ರಲ್ಲಿ ಇದನ್ನು ಪ್ರಕಟಿಸಿದರು. ಇದಕ್ಕೆ ಪೂರಕವಾಗಿ 1980ರಲ್ಲಿ ಬಂದ ದೇವತೆಗಳ ಪುಸ್ತಕದಲ್ಲಿ ಗ್ರೀಕ್, ಈಜಿಪ್ಟ್ ದೇವತೆಗಳೊಡನೆ ಇಂದ್ರ, ಅಗ್ನಿ ಮುಂತಾದವರೂ ಇದ್ದರು. ಪ್ರತಿಯೊಬ್ಬರಿಗೂ ಶಕ್ತಿಯ ಅಂಕಗಳು! ಮೊದಲ ಮುದ್ರಣದಲ್ಲಿದ್ದ ಎರಡು ಆಧುನಿಕ ಕಾದಂಬರಿ ಲೋಕಗಳ ದೇವತೆಗಳನ್ನು ಹಕ್ಕುಗಳ ತೊಡಕಿನಿಂದಾಗಿ ಮುಂದಿನ ಮುದ್ರಣಗಳಲ್ಲಿ ಕೈಬಿಡಬೇಕಾಯಿತು. ಇಂದ್ರ, ಅಗ್ನಿಯರಿಗೆ ಆ ತೊಂದರೆ ಬರಲಿಲ್ಲ, ಪುರಾಣಕ್ಕೆ ಹಕ್ಕುಸ್ವಾಮ್ಯವಿಲ್ಲವಲ್ಲ!

ಜಪಾನಿನ ‘ಫೈನಲ್ ಫ್ಯಾಂಟಸಿ’ ಸರಣಿ 1987ರಲ್ಲಿ ಆರಂಭವಾಯಿತು. ಹುಡುಗರು ಹೇಳುತ್ತಿದ್ದ ‘ಶಿವ’ ಎಂಬ ಹಿಮದೇವತೆ ಇದರಲ್ಲಿ 1990ರಿಂದ ಬರುತ್ತಾಳೆ. ಹಿಮಾಲಯ, ಅರ್ಧನಾರೀಶ್ವರ ಎಂದೆಲ್ಲ ಅಭಿಮಾನಿಗಳು ಅರ್ಥ ಹಚ್ಚುತ್ತಾರೆ. ಈ ಒಂದು ಹೆಸರನ್ನು ಮಾತ್ರ ನೋಡಿದರೆ ಯಾವ ಅರ್ಥವನ್ನೂ ತಳ್ಳಿಹಾಕಲಾಗದು. ಅದೇ ಆಟದ ಇನ್ನೊಂದು ಜೀವಿಯನ್ನು ನೋಡಿ. ‘ಬಹಮೂತ್’ ಅರಬ್ಬೀ ಕಥೆಗಳಲ್ಲಿ ಭೂಮಿಯ ಭಾರಕ್ಕೆ ಆಧಾರವಾಗಿರುವ ಮಹಾಮತ್ಸ್ಯ. ಈ ಆಟದಲ್ಲಿ ಅದು ರೆಕ್ಕೆಯ ಡ್ರಾಗನ್. ಮೀನು ಡ್ರಾಗನ್ ಆದದ್ದರ ಗೂಢಾರ್ಥವೇನು? ಉತ್ತರ ತತ್ತ್ವಶಾಸ್ತ್ರದಲ್ಲಿಲ್ಲ. 1977ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಜೀವಿಗಳ ಪುಸ್ತಕ ಡ್ರಾಗನ್ ರಾಜನಿಗೆ ಆ ಹೆಸರಿಟ್ಟಿತ್ತು. ಉತ್ತರ ಪತ್ರಿಕೆ ತಿದ್ದುವ ಶಿಕ್ಷಕರಿಗೆ ಈ ತರ್ಕ ಚೆನ್ನಾಗಿ ಗೊತ್ತು. ಇಬ್ಬರ ಸರಿಯುತ್ತರ ಒಂದೇ ಆದರೆ ಸಂಶಯವಿಲ್ಲ, ಒಂದೇ ವಿಚಿತ್ರ ತಪ್ಪು ಇಬ್ಬರಲ್ಲೂ ಕಂಡರೆ ಒಬ್ಬರದು ಇನ್ನೊಬ್ಬರಿಂದ ಬಂದಿರಬೇಕು. ಹಸ್ತಪ್ರತಿಗಳ ವಂಶವೃಕ್ಷ ಕಟ್ಟುವ ವಿದ್ವಾಂಸರ ವಿಧಾನವೂ ಇದೇ.

ಬೇರೆ ಬೇರೆ ಆಟಗಳ ಕಥೆ ಒಂದೇ ಜಗತ್ತಿನಲ್ಲಿ ನಡೆಯುತ್ತದೆ ಎಂಬ ವಾದಕ್ಕೂ ಈ ಸರಣಿಯಲ್ಲಿ ಒಳ್ಳೆಯ ಉದಾಹರಣೆಯಿದೆ. 1997ರ ಏಳನೆಯ ಆಟದಲ್ಲಿ ‘ಶಿನ್ರಾ’ ಎಂಬ ವಿದ್ಯುತ್ ಕಂಪನಿ ಬರುತ್ತದೆ. ಹತ್ತನೆಯ ಆಟದ 2003ರ ಮುಂದುವರಿಕೆಯಲ್ಲಿ ಶಿನ್ರಾ ಎಂಬ ಹುಡುಗನಿದ್ದಾನೆ. ಎರಡಕ್ಕೂ ಸಂಬಂಧವಿದೆ ಎಂದು ಅಭಿಮಾನಿಗಳು ಊಹಿಸಿದರು. ಕಥೆಗಾರ ಕಜುಶಿಗೆ ನೊಜಿಮಾ ಅದನ್ನು ಒಪ್ಪಿಕೊಂಡರು. ಊಹೆ ಸರಿಯಾಯಿತು. ಆದರೂ ಒಂದು ಎಚ್ಚರ ಬೇಕು. ಕೊಂಡಿ ಹಾಕಿದ್ದು ಎರಡನೆಯ ಕಥೆ ಬರೆಯುವಾಗ. ಮೊದಲ ಕಥೆ ಹುಟ್ಟಿದಾಗ ಅದರಲ್ಲಿ ಈ ಹುಡುಗನಿರಲಿಲ್ಲ. ಎರಡು ವಸ್ತುಗಳ ವಯಸ್ಸು ಬೇರೆ, ಅವುಗಳ ನಡುವಿನ ಕೊಂಡಿಯ ವಯಸ್ಸು ಬೇರೆ.

ನಮ್ಮ ಹೊಳೆಗಳ ಕೂಡು ಜಗತ್ತು

ಕಥೆಗಳನ್ನು ಹೀಗೆ ಬೆಸೆಯುವುದು ಜಪಾನಿನ ಆವಿಷ್ಕಾರವೇನಲ್ಲ. ಹುಣಸೂರಿನ ಮೂಲಕ ಹರಿಯುವ ಲಕ್ಷ್ಮಣತೀರ್ಥ ಹೊಳೆಯನ್ನೇ ನೋಡಿ. ಸೀತೆಯನ್ನು ಹುಡುಕುತ್ತಾ ಬಂದಾಗ ಬಾಯಾರಿಕೆಯಾಗಿ, ಲಕ್ಷ್ಮಣ ಬ್ರಹ್ಮಗಿರಿಯ ಬಂಡೆಗೆ ಬಾಣ ಬಿಟ್ಟು ನೀರು ತಂದನೆಂಬುದು ಕೊಡಗಿನ ಇರ್ಪುವಿನ ಸ್ಥಳಪುರಾಣ. ಇನ್ನು ಚುಂಚನಕಟ್ಟೆಗೆ ಹೋಗಿ. ಅಲ್ಲಿ ಕಾವೇರಿಯ ದಡದ ಕಾಡಿನಲ್ಲಿದ್ದ ಚುಂಚ, ಚುಂಚಿ ಎಂಬ ದಂಪತಿ ರಾಮ, ಸೀತೆ, ಲಕ್ಷ್ಮಣರನ್ನು ಉಪಚರಿಸಿದರೆಂದೂ, ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟು ನೀರು ಹರಿಸಿದನೆಂದೂ ಹೇಳುತ್ತಾರೆ. ಎರಡು ಜಾಗ, ಎರಡು ನದಿ, ಬಾಣದ ಪ್ರಸಂಗ ಒಂದೇ! ಊರಿನ ಚುಂಚ-ಚುಂಚಿಯರು ಮತ್ತು ಅಯೋಧ್ಯೆಯ ರಾಮ-ಸೀತೆಯರು ಒಂದೇ ಕಥಾಲೋಕದ ನಿವಾಸಿಗಳಾಗಿಬಿಟ್ಟರು. ನಮ್ಮ ಊರೂ ದೊಡ್ಡ ಕಥೆಯೊಳಗೆ ಇರಲಿ ಎಂಬ ಹಂಬಲ ಇದರಲ್ಲಿದೆ. ಫೋನು ಹಿಡಿದ ಹುಡುಗನ ಹಂಬಲವೂ ಅದಕ್ಕಿಂತ ತೀರ ಬೇರೆಯದಲ್ಲ.

ಚುಂಚನಕಟ್ಟೆಯ ಕೋದಂಡರಾಮ ದೇವಾಲಯದ ಗರ್ಭಗುಡಿಯಲ್ಲಿ ಪಕ್ಕದ ಜಲಪಾತದ ಸದ್ದು ಕೇಳಿಸುವುದಿಲ್ಲ ಎಂಬ ಮಾತು ಪ್ರಸಿದ್ಧ. ಭೌತಶಾಸ್ತ್ರದವನಿಗೆ ಇದು ಹಬ್ಬ. ಇದರಲ್ಲಿ ಎರಡು ಭಾಗಗಳಿವೆ. ಸದ್ದು ಎಷ್ಟು ಕಡಿಮೆಯಾಗುತ್ತದೆ ಎಂಬುದನ್ನು ದಡದಲ್ಲಿ, ಪ್ರಾಂಗಣದಲ್ಲಿ, ಒಳಗೆ ಅಳೆಯಬಹುದು, ದಪ್ಪ ಕಲ್ಲಿನ ಗೋಡೆ ಧ್ವನಿಯನ್ನು ತಡೆಯುವ ಬಗೆಯನ್ನು ಚರ್ಚಿಸಬಹುದು. ಏಕೆ ಕೇಳಿಸುವುದಿಲ್ಲ ಎಂಬುದಕ್ಕೆ ಜನ ಹೇಳುವ ಕಥೆಯನ್ನು ಡೆಸಿಬೆಲ್‌ನಿಂದ ಅಳೆಯಲಾಗದು. ಕಥೆಯನ್ನು ಕಥೆಯಾಗಿ ಕೇಳಬೇಕು, ಅಳತೆಯನ್ನು ಅಳತೆಯಾಗಿ ಮಾಡಬೇಕು.

ನಿಯಮ ಮತ್ತು ಅರ್ಥ

ಆಟದ ನಿಯಮಗಳ ಬಗೆಗಿನ ಪ್ರಶ್ನೆಗಳಿಗೆ ಖಚಿತ ಉತ್ತರ ಸಾಧ್ಯ. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಬರುವ ಸಮಸ್ಯೆ ನಮ್ಮಲ್ಲಿ ಹಳೆಯದು. ಅರ್ಧ ಹಾಸಿನ ಮೇಲಿನ ಇಂಥ ನಡಿಗೆಯನ್ನು 9ನೆಯ ಶತಮಾನದ ರುದ್ರಟ ಕಾವ್ಯಬಂಧವಾಗಿಸಿದ. ಆಯ್ಲರ್ 1759ರಲ್ಲಿ ಇದರ ಗಣಿತ ಬರೆದ. ಮುಮ್ಮಡಿ ಕೃಷ್ಣರಾಜರಿಗೂ ಇದು ಪ್ರಿಯವಾದ ವಿಷಯ. ಕುದುರೆ ನಡೆದ ಕ್ರಮದಲ್ಲಿ 1ರಿಂದ 64 ಬರೆದಾಗ ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲಿನ ಮೊತ್ತ 260 ಬರುವಂಥ ನಡಿಗೆಯನ್ನು ಬೆವರ್ಲಿ ಎಂಬಾತ 1848ರಲ್ಲಿ ಪ್ರಕಟಿಸಿದ. ಕರ್ಣಗಳ ಮೊತ್ತವೂ 260 ಆಗಬಹುದೇ? 2003ರಲ್ಲಿ ಕಂಪ್ಯೂಟರುಗಳು ಎಲ್ಲ ಸಾಧ್ಯತೆಗಳನ್ನೂ ಜಾಲಾಡಿದವು. ಸಾಲುಗಳು ಹೊಂದುವ 140 ನಡಿಗೆಗಳಿವೆ, ಎರಡೂ ಕರ್ಣಗಳು ಹೊಂದುವುದು ಒಂದೂ ಇಲ್ಲ. ನಮ್ಮ ಹುಲಿ-ಕುರಿಯ ದಾಯಾದಿಯಾದ ನೇಪಾಳದ ಬಾಘ್‌ಚಾಲ್ ಆಟದಲ್ಲಿ ಇಬ್ಬರೂ ತಪ್ಪಿಲ್ಲದೆ ಆಡಿದರೆ ಯಾರೂ ಗೆಲ್ಲುವುದಿಲ್ಲ ಎಂಬುದನ್ನೂ ಕಂಪ್ಯೂಟರಿನಿಂದಲೇ ಸಾಧಿಸಲಾಗಿದೆ.

ಅರ್ಥದ ಬಗೆಗಿನ ಪ್ರಶ್ನೆ ಹೀಗೆ ಮುಗಿಯುವುದಿಲ್ಲ. ಪರಮಪದ ಸೋಪಾನಪಟದಲ್ಲಿ ಏಣಿ ಸದ್ಗುಣ, ಹಾವು ದುರ್ಗುಣ ಎಂದು ಮನೆಗಳಲ್ಲೇ ಬರೆದಿರುತ್ತದೆ. ಅಲ್ಲಿ ಊಹೆ ಬೇಡ. ಅದೇ ಆಟ ಇಂಗ್ಲೆಂಡಿಗೆ ಹೋಗಿ ಬರಬರುತ್ತಾ ಬರಹ ಅಳಿಸಿಹೋಗಿ ಬರೀ ಹಾವು-ಏಣಿ ಉಳಿಯಿತು. ದಾಳ, ಏಣಿ, ಹಾವು ಹಾಗೆಯೇ ಇವೆ, ಮೋಕ್ಷ ಮಾತ್ರ ಇಲ್ಲ. ನಿಯಮ ಮತ್ತು ಅರ್ಥ ಜೊತೆಯಾಗಿ ಪ್ರಯಾಣ ಮಾಡಲೇಬೇಕೆಂದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ತರಗತಿಗೆ ನಾಲ್ಕು ಪ್ರಶ್ನೆಗಳು

ವಿದ್ಯಾರ್ಥಿಯೊಬ್ಬ ಆಟದ ಬಗ್ಗೆ ಸಿದ್ಧಾಂತ ತಂದಾಗ ನಗಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ನಾಲ್ಕು ಪ್ರಶ್ನೆ ಕೇಳಿ. ಒಂದು, ಮಾಡಿದವರೇ ಇದನ್ನು ಎಲ್ಲಾದರೂ ಹೇಳಿದ್ದಾರೆಯೇ? ಎರಡು, ಈ ದೇವತೆ ಇಲ್ಲದ ಅಂಥದೇ ಆಟದಲ್ಲೂ ಈ ನಿಯಮ ಇದೆಯೇ? ಮೂರು, ಬೇರೆ ಸಂಖ್ಯೆ, ಬೇರೆ ಹೆಸರು ಇದ್ದಿದ್ದರೂ ನೀನು ಹೀಗೆಯೇ ಅರ್ಥ ಹಚ್ಚುತ್ತಿದ್ದೆಯಾ? ನಾಲ್ಕು, ಏನು ಕಂಡರೆ ನಿನ್ನ ಸಿದ್ಧಾಂತವನ್ನು ಕೈಬಿಡುತ್ತೀಯೆ? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಅವನು ಆಗಲೇ ಸಂಶೋಧನೆ ಆರಂಭಿಸಿದ್ದಾನೆ ಎಂದು ತಿಳಿಯಿರಿ.

ಆ ರಾತ್ರಿ ಶಿಬಿರದಲ್ಲಿ ನಾನು ಶಿಕ್ಷಕಿಗೆ ಮೊಘಲ್ ಗಂಜೀಫಾದ ವಿಷಯ ತಿಳಿಸಿ, “ನನ್ನ ಮಾತು ತಪ್ಪಾಗಿತ್ತು, ದಯವಿಟ್ಟು ಮಕ್ಕಳಿಗೆ ತಿದ್ದಿ ಹೇಳಿ” ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ತಿದ್ದಿ ಹೇಳುವುದಿಲ್ಲ ಸರ್. ಎರಡೂ ಕಟ್ಟುಗಳ ನಿಯಮ ಬರೆದು ಮುಂದಿಡುತ್ತೇನೆ. ತಪ್ಪನ್ನು ಅವರೇ ಹಿಡಿಯಲಿ” ಎಂದರು. ಅಷ್ಟರಲ್ಲಿ ವಿದ್ಯುತ್ ಬಂತು. ನೆಲದ ಮೇಲೆ ನೋಡಿದರೆ ಕುರಿಗಳು ಹುಲಿಯೊಂದನ್ನು ಸುತ್ತುಗಟ್ಟಿದ್ದವು.